ಬಾಣಂತಿ ನೀರಿನ ಮೆದೆ

ಆಕೆ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಕೃಷಿ ಇಲಾಖೆಯಲ್ಲಿ ನನಗೊಂದು ಹುದ್ದೆಯಿತ್ತು, ಹುದ್ದೆಗೊಂದು ಹೆಸರಿತ್ತು. ಅದನ್ನೂ ಆಕೆ ನಾಲಿಗೆಗೆ ಹತ್ತಿಸಿಕೊಳ್ಳಲಿಲ್ಲ. ನನ್ನ ಬೈಕಿನ ಸದ್ದು ಕೇಳಿದ ಕೂಡಲೇ ಒಳಗಿನಿಂದಲೇ, "ಉಳದ ಸಾರು ಬಂದ್ರು, ಮೆದೆ ಮ್ಯಾಲ ಕಣ್ಣಾಕಕ್ಕ" ಎನ್ನುತ್ತಿದ್ದಳು. ಹುಳದ ಸಾರ್ ಎಂದರೆ ನಾನು. ಯಾರಿಗೆ ಹೇಳುತ್ತಿದ್ದಾಳೆ ಎಂದು ಇಣುಕಿದರೆ ಮನೆಯೊಳಗೆ ಇನ್ನೊಂದು ಜೀವವಿಲ್ಲ. ಮೇಕೆಗೋ ಒಲೆಗೋ ಹೇಳಿರಬೇಕು. ಒಂಟಿಯಾಗಿ ಬದುಕುವವರು ಹಾಗೆಯೇ, ಮಾತು ಬಂದಾಗ ಎದುರಿಗೆ ಏನಿದೆಯೋ ಅದಕ್ಕೇ ಆಡಿಬಿಡುತ್ತಾರೆ. ಕೊಳ್ಳೇಗಾಲದ ನನ್ನ ಬಾಡಿಗೆ ಮನೆಯಲ್ಲಿ ನಾನು ಕುಕ್ಕರಿನ ಜೊತೆ ಮಾತಾಡುತ್ತೇನೆ, ಹಾಗಾಗಿ ನನಗೆ ಗೊತ್ತು.

ಹೋದ ತಿಂಗಳು ಆಕೆಯ ಊರು ಶಾಗ್ಯದಿಂದ ಫೋನು ಬಂತು. ಆಕೆ ತೀರಿಕೊಂಡಳು ಎಂದರು. ನಾನು ನಿವೃತ್ತನಾಗಿ, ಬೈಕನ್ನೂ ಮಾರಿಕೊಂಡು ಕೂತಿದ್ದವನು, ಹನೂರಿನ ಬಸ್ಸು ಹತ್ತಿ ಹೋದೆ. ಅಲ್ಲಿ ನಡೆದದ್ದನ್ನು ಆಮೇಲೆ ಹೇಳುತ್ತೇನೆ. ಆಕೆಯ ಮನೆಯ ಹಿಂದಿನ ಹತ್ತಿ ಕಡ್ಡಿಯ ಮೆದೆಯ ವಿಷಯ ಮೊದಲು ಹೇಳದಿದ್ದರೆ ಆಕೆಯ ಬಗ್ಗೆ ಏನು ಹೇಳಿದರೂ ಅರ್ಧವಾಗುತ್ತದೆ.

ಯಳಂದೂರಿನ ಕಡೆ ಭತ್ತದ ಗದ್ದೆಯ ಬದುವಿನ ಮೇಲೆ ಓಡಾಡಿಕೊಂಡಿದ್ದ ನನ್ನನ್ನು ಹನೂರಿಗೆ ವರ್ಗ ಮಾಡಿದ ಹೊಸದು. ಮಳೆ ನಂಬಿದ ಹೊಲಗಳು, ಕಾಡಂಚು, ಅಲ್ಲಲ್ಲಿ ಹತ್ತಿ. ಹುಳ ಮುಟ್ಟುವುದಿಲ್ಲ ಎಂದುಕೊಂಡು ಎಲ್ಲರೂ ಬಿತ್ತಿದ್ದ ಬೀಜಕ್ಕೂ ಹುಳ ಬಿದ್ದ ಕಾಲ ಅದು. ಗುಲಾಬಿ ಕಾಯಿಕೊರಕ ಎಂದು ಅದರ ಹೆಸರು. ಹೆಸರೇನೋ ಮದುವೆ ಸೀರೆಗೆ ಇಡುವಂಥದ್ದು, ಕೆಲಸ ಮನೆಹಾಳು. ಕಾಯಿಯ ಒಳಗೆ ಸೇರಿಕೊಂಡಿತೆಂದರೆ ಯಾವ ಔಷಧಿಯೂ ಅದನ್ನು ಮುಟ್ಟುವುದಿಲ್ಲ. ಹತ್ತಿ ಬಿಡಿಸಿ ಮುಗಿದ ಮೇಲೆ, ಗಿಡದಲ್ಲಿ ಬಾಯಿ ಬಿಡದೆ ಉಳಿದ ಒಣಕಾಯಿಯೊಳಗೆ ಸುರುಟಿಕೊಂಡು ಮಲಗುತ್ತದೆ. ಚಳಿ ಕಳೆಯಬೇಕು, ಬಿಸಿಲು ಕಳೆಯಬೇಕು, ಯುಗಾದಿ ದಾಟಿ ಒಂದೆರಡು ಮಳೆ ಬೀಳಬೇಕು. ಆಗ ಎದ್ದು ಚಿಟ್ಟೆಯಾಗಿ ಹೊರಗೆ ಬರುತ್ತದೆ. ಬಯಲಿನಲ್ಲಿ ಬಿದ್ದ ಕಾಯಿಯ ಹುಳ ಬೇಗ ಏಳುತ್ತದೆ. ಅಷ್ಟು ಹೊತ್ತಿಗೆ ಹೊಸ ಹತ್ತಿಗೆ ಮೊಗ್ಗೇ ಬಂದಿರುವುದಿಲ್ಲ, ಮೊಟ್ಟೆಯಿಡಲು ಜಾಗ ಸಿಕ್ಕದೆ ಹಾರಾಡಿ ಸಾಯುತ್ತದೆ. ಕಡ್ಡಿ ಮೆದೆಯ ನೆರಳಿನಲ್ಲಿ ಮಲಗಿದ್ದು ಹಾಗಲ್ಲ. ನಿಧಾನಕ್ಕೆ, ಒಂದರ ಹಿಂದೆ ಒಂದು ಎದ್ದು, ಹೊಲದಲ್ಲಿ ಹೂವು ಕಾಣಿಸುವ ಹೊತ್ತಿಗೆ ಸರಿಯಾಗಿ ಹಾಜರಾಗುತ್ತದೆ. ಹೀಗಾಗಿ ಆ ವರ್ಷಗಳಲ್ಲಿ ನನ್ನ ನೌಕರಿ ಎಂದರೆ ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ, ಹತ್ತಿ ಕಡ್ಡಿ ಕೂಡಿಡಬೇಡಿ, ಪುಡಿ ಮಾಡಿ ಮಣ್ಣಿಗೆ ಸೇರಿಸಿ, ಆಗದಿದ್ದರೆ ಸುಟ್ಟುಬಿಡಿ ಎಂದು ಹೇಳುವುದು.

"ಸವ್ದೆ ಸುಡಿ ಅಂತ ಏಳಕ್ಕ ಗೌರ್ಮೆಂಟು ಸಂಬ್ಳ ಕೊಡ್ತದಾ ಸಾ?" ಆಕೆ ನನ್ನೊಡನೆ ಆಡಿದ ಮೊದಲ ಮಾತು ಇದು.

ಆಗ ಆಕೆ ಮೆದೆಯ ಮೇಲೆ ನಿಂತಿದ್ದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಳಗಿನಿಂದ ಹೊರೆ ಎಳೆದುಕೊಂಡು ಕಾಲಿನಿಂದ ಒತ್ತಿ ಒತ್ತಿ ಕೂರಿಸುತ್ತಿದ್ದಳು. ಐವತ್ತು ದಾಟಿದ್ದ ಹೆಂಗಸು, ಕಟ್ಟಿದ ಹಗ್ಗದಂಥ ಮೈ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದ ಒಬ್ಬಳೇ ಮಗಳನ್ನು ಕೊಳ್ಳೇಗಾಲದ ಹತ್ತಿರದ ಧನಗೆರೆಗೆ ಕೊಟ್ಟಿದ್ದಳು. ನನ್ನನ್ನು ಕಂಡು ಇಳಿದು ಬಂದವಳು ಜಗಲಿ ಕಲ್ಲನ್ನು ಸೆರಗಿನಿಂದ ಒರೆಸಿದಳು. ಕಲ್ಲು ಚೊಕ್ಕಟವಾಗಿಯೇ ಇತ್ತು. ಮುಂದೆ ಎಷ್ಟೋ ಸಲ ಹೋದಾಗಲೂ ಒರೆಸದೆ ನನ್ನನ್ನು ಕೂರಿಸಿದ್ದಿಲ್ಲ. ನನ್ನ ಹೆಂಡತಿ ಹೋದದ್ದು, ಮಕ್ಕಳಿಲ್ಲದ್ದು ಅದು ಹೇಗೋ ತಿಳಿದುಕೊಂಡ ಮೇಲೆ, "ಪ್ಯಾಂಟ್ ಕೊಳೆಯಾದ್ರ ಒಗ್ಯೋರ್ ಯಾರವ್ರ ನಿಮ್ಗ" ಎಂದು ಸೇರಿಸುತ್ತಿದ್ದಳು. ಬೇರೆ ಯಾರಾದರೂ ಅಂದಿದ್ದರೆ ಚುಚ್ಚುತ್ತಿತ್ತು. ಆಕೆ ಅದನ್ನು ಮಳೆ ಬಿಸಿಲಿನ ವಿಷಯದಂತೆ ಹೇಳುತ್ತಿದ್ದುದರಿಂದ ಸುಮ್ಮನೆ ಕೂರುತ್ತಿದ್ದೆ.

ಕಡ್ಡಿ ಮೆದೆಗಳನ್ನು ನಾನು ಬೇಕಾದಷ್ಟು ಕಂಡಿದ್ದೆ. ಬೇಲಿಯ ಮೂಲೆಯಲ್ಲಿ ಹೇಗೆಂದರೆ ಹಾಗೆ ಎಸೆದಿರುತ್ತಾರೆ, ಬೇಕಾದಾಗ ಎಳೆದುಕೊಂಡು ಒಲೆಗೆ ಹಾಕುತ್ತಾರೆ. ಆಕೆಯ ಮೆದೆ ಹಾಗಿರಲಿಲ್ಲ. ಗೆದ್ದಲು ಹತ್ತದಂತೆ ಕೆಳಗೆ ಕಲ್ಲಿಟ್ಟು, ಕಲ್ಲಿನ ಮೇಲೆ ಅಡ್ಡಮರ ಹಾಸಿ, ಬುಡವೆಲ್ಲ ಹೊರಗೆ, ತುದಿಯೆಲ್ಲ ಒಳಗೆ ಮಾಡಿ ಜೋಡಿಸಿ, ಮೇಲೆ ತೆಂಗಿನ ಗರಿ ಹೊದಿಸಿದ್ದಳು. ಮನೆಗೂ ಅಷ್ಟು ಒಪ್ಪವಾದ ಮಾಡು ಇರಲಿಲ್ಲ. ಅಡುಗೆಗೆ ಅದರಿಂದ ಒಂದು ಕಡ್ಡಿಯನ್ನೂ ಎಳೆಯುತ್ತಿರಲಿಲ್ಲ. ಒಲೆಗೆ ಬೇರೆ ಪುಳ್ಳೆ ಆಯ್ದು ತರುತ್ತಿದ್ದಳು.

"ಇದು ಬಾಣಂತಿ ನೀರ್ಗ ಸಾ" ಎಂದಳು.

ಆಕೆಯ ತಾಯಿಯ ಮನೆಯಲ್ಲಿ ಹಾಗೆ ರೂಢಿಯಂತೆ. ಬಾಣಂತಿಗೆ ಎರೆಯುವ ನೀರು ಹಂಡೆಯಲ್ಲಿ ಕೊತಕೊತ ಕುದಿಯಬೇಕು, ಹೊಗೆ ಇರಬಾರದು, ಉರಿ ನೆಟ್ಟಗೆ ಮೇಲೇಳಬೇಕು. ಅದಕ್ಕೆ ಹತ್ತಿ ಕಡ್ಡಿಯೇ ಸರಿ. ಆಕೆ ಮಗಳನ್ನು ಹೆತ್ತಾಗ ಆಕೆಯ ಅವ್ವ ವರ್ಷ ಮೊದಲೇ ಮೆದೆ ಒಟ್ಟಿ ಇಟ್ಟಿದ್ದಳಂತೆ. ಈಗ ಮಗಳ ಬಾಣಂತನ ತವರಿನಲ್ಲಿ ಆಗಬೇಕಲ್ಲ, ಅದಕ್ಕೆ ಈ ಮೆದೆ.

"ಯಾವಾಗಕ್ಕ ಹೆರಿಗೆ?" ಎಂದು ಕೇಳಿದೆ.

"ಬತ್ತಾಳ. ದ್ಯಾವ್ರು ಕೊಟ್ಟಾಗ ಬತ್ತಾಳ" ಎಂದು ಇನ್ನೊಂದು ಹೊರೆ ಎತ್ತಿಕೊಂಡಳು.

ಮಗಳ ಮದುವೆಯಾಗಿ ಆಗಲೇ ಎಷ್ಟೋ ವರ್ಷ ಕಳೆದಿತ್ತು ಎಂಬುದು ಆಮೇಲೆ ತಿಳಿಯಿತು. ಪ್ರತಿ ಸುಗ್ಗಿಗೂ ಆಕೆ ಹೊಸ ಮೆದೆ ಒಟ್ಟುತ್ತಿದ್ದಳು. ಹೊಸದು ಎದ್ದ ಮೇಲೆ ಹಳೆಯದು ಅಡುಗೆ ಒಲೆಗೆ ಹೋಗುತ್ತಿತ್ತು. ಒಂದು ದಿನವಾದರೂ ಮನೆಯ ಹಿಂದೆ ಮೆದೆಯಿಲ್ಲದೆ ಇರಬಾರದು, ಮಗಳು ಯಾವಾಗ ಬೇಕಾದರೂ ಸುದ್ದಿ ಕಳಿಸಬಹುದು. ನನ್ನ ಹುಳಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇಕೆ?

ಆ ವರ್ಷ ಹಾಲಿನ ಡೇರಿಯ ಮುಂದೆ ಊರವರನ್ನು ಸೇರಿಸಿ ಮಾತಾಡಿದೆವು. ಹೂವು ಅರಳದೆ ಮುದುರಿಕೊಂಡು ಉದುರಿದ್ದು, ಕಾಯಿ ಒಡೆದರೆ ಒಳಗೆ ಹತ್ತಿಯ ಬದಲು ಕಪ್ಪು ಕೊಳೆ ಸಿಕ್ಕಿದ್ದು ಎಲ್ಲರ ಮನಸ್ಸಿನಲ್ಲೂ ಹಸಿಯಾಗಿತ್ತು. ಟ್ರಾಕ್ಟರಿಗೆ ಕಟ್ಟುವ, ಕಡ್ಡಿ ಪುಡಿ ಮಾಡುವ ಮೆಷಿನ್ನು ತರಿಸಿದೆವು. ಊರಿನ ಕಡ್ಡಿಯೆಲ್ಲ ಪುಡಿಯಾಯಿತು. ಉಳಿದದ್ದು ಒಂದೇ ಮೆದೆ. ಆಕೆಯ ಹೊಲಕ್ಕೆ ಅಂಟಿದಂತೆ ಮಾದಪ್ಪನ ಹೊಲ. ಒಳ್ಳೆಯ ಹುಡುಗ, ಆಕೆಯನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದವನು. ಅವನೇ ಮುಂದೆ ಬಂದ.

"ದೊಡ್ಡವ್ವ, ಊರೆಲ್ಲ ಕಳ್ಕಂಡು ಕುಂತವ್ರ. ನಿನ್ ಮೆದೆಯಿಂದ ಎದ್ ಬರೋ ಉಳ ಮೊದ್ಲು ನನ್ ಹೊಲ್ಕೇ ಬರೋದು. ನೀ ಬುಡ್ನಿಲ್ಲ ಅಂದ್ರ ನಾನೇ ಬೆಂಕಿ ಇಕ್ತೀನಿ ನೋಡು."

ಆಕೆ ಕೂಗಾಡಲಿಲ್ಲ. ಮಾದಪ್ಪನ ಮುಖ ನೋಡಿಕೊಂಡು, "ನನ್ ಮಗಳ ನೀರ್ಗ ಬೆಂಕಿ ಇಕ್ಕೀಯೇನ್ಲಾ?" ಎಂದಳು.

ಮಾದಪ್ಪ ಟವಲ್ಲು ಕೊಡವಿಕೊಂಡು ಹಿಂದೆ ಸರಿದ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಇಲಾಖೆಯ ಕರಪತ್ರದಲ್ಲಿ ಇಂಥ ಪ್ರಶ್ನೆಗೆ ಉತ್ತರವಿರಲಿಲ್ಲ.

ಕೊನೆಗೆ ಹೊಳೆದದ್ದು ಸರಳವಾದದ್ದೇ. ಹುಳ ಮಲಗುವುದು ಕಡ್ಡಿಯಲ್ಲಲ್ಲ, ಕಡ್ಡಿಗೆ ಅಂಟಿದ ಒಣಕಾಯಿಯಲ್ಲಿ. ಮೆದೆ ಬಿಚ್ಚಿ, ಒಂದೊಂದು ಕಡ್ಡಿಯಿಂದಲೂ ಕಾಯಿ ಕಿತ್ತು ಸುಟ್ಟುಬಿಟ್ಟರೆ ಕಡ್ಡಿ ಉಳಿಸಿಕೊಳ್ಳಬಹುದು. ಪಕ್ಕದಲ್ಲಿ ನಾನೊಂದು ಬಲೆ ಕಟ್ಟುತ್ತೇನೆ, ಮಳೆ ಬಿದ್ದ ಮೇಲೆ ಅದಕ್ಕೆ ಚಿಟ್ಟೆ ಬಿದ್ದರೆ ಮೆದೆ ಸುಡಬೇಕು ಎಂದೆ. ಮಾದಪ್ಪ, "ಅಷ್ಟ್ ಕಡ್ಡಿ ಯಾರ್ ಸಾ ಬುಡ್ಸೋರು" ಎಂದ. ಆಕೆ ಆಗಲೇ ಎದ್ದು ಮನೆಯ ಕಡೆ ಹೊರಟಿದ್ದಳು.

ಆ ಬೇಸಿಗೆಯ ಮಧ್ಯಾಹ್ನಗಳನ್ನು ನಾನು ಮರೆತಿಲ್ಲ. ಹುಣಸೆ ಮರದ ನೆರಳಿನಲ್ಲಿ ಕಾಲು ಚಾಚಿ ಕೂತು, ತೊಡೆಯ ಮೇಲೆ ಕಡ್ಡಿ ಅಡ್ಡ ಇಟ್ಟುಕೊಂಡು, ಮಗುವಿನ ತಲೆಯ ಹೇನು ನೋಡುವಂತೆ ತಿರುಗಿಸಿ ತಿರುಗಿಸಿ ಕಾಯಿ ಕೀಳುತ್ತಿದ್ದಳು. ಆ ಕಡೆ ಕೆಲಸವಿದ್ದಾಗಲೆಲ್ಲ ನಾನೂ ಹೋಗಿ ಕೂರುತ್ತಿದ್ದೆ. ಕೆಲಸವಿಲ್ಲದಾಗಲೂ ಹೋಗಿದ್ದೇನೆ. ಮನೆಗೆ ಹೋದರೆ ಅಲ್ಲೇನಿತ್ತು? ನನಗೂ ಒಂದು ಹೊರೆ ತಳ್ಳಿ, "ಸಾರ್ ಮಾಡಕ್ ಬತ್ತದಾ ಸಾ ನಿಮ್ಗ, ಇಲ್ಲ ಅದುಕ್ಕೂ ಔಸ್ದಿ ಒಡೀತೀರಾ?" ಎಂದು ಶುರು ಮಾಡುತ್ತಿದ್ದಳು. ನಾನು ಮಾಡುವ ಸಾರಿನ ಕ್ರಮವನ್ನು ಹೇಳಿದರೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಮಜ್ಜಿಗೆಗೆ ಎರಡು ಎಲೆ ಕರಿಬೇವು ಕಿವುಚಿ ಕೊಡುತ್ತಿದ್ದಳು. ಅದನ್ನು ಕುಡಿದು ಎದ್ದರೆ ಹನೂರಿನವರೆಗೆ ಬಿಸಿಲು ತಾಗುತ್ತಿರಲಿಲ್ಲ.

ಒಂದು ದಿನ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒತ್ತಿದಳು. ಅದು ಆಕೆಯ ಅಭ್ಯಾಸ. ಸದ್ದು ಬರದಿದ್ದರೆ ಒಳಗೆ ಯಾರೋ ಇದ್ದಾರೆ ಎನ್ನುತ್ತಿದ್ದಳು. ಒಡೆದಾಗ ಎರಡು ಬೀಜಗಳನ್ನು ನೂಲಿನಿಂದ ಹೆಣೆದುಕೊಂಡು ನಡುವೆ ಗುಲಾಬಿ ಬಣ್ಣದ ಹುಳ ಮಲಗಿತ್ತು. ಅಂಗೈಗೆ ಹಾಕಿಕೊಂಡು ನೋಡಿದಳು.

"ಎಷ್ಟ್ ಬೆಚ್ಚಗ ಮಲ್ಗದ ನೋಡಿ. ಇದ್ಕ ಎದ್ದೇಳು ಅಂತ ಯಾರ್ ಸಾ ಏಳೋರು?"

"ಮಳೆ ಬಿದ್ದರೆ ಗೊತ್ತಾಗುತ್ತೆ."

"ಎದ್ದಾಗ ಹೂವಿಲ್ದಿದ್ರ?"

"ಸುಮ್ಮನೆ ಹಾರಾಡಿ ಸಾಯುತ್ತೆ."

ಆಕೆ ಹುಳವನ್ನು ಇನ್ನೊಮ್ಮೆ ಹೊರಳಿಸಿ ನೋಡಿದಳು. "ಅದ್ರ ತಪ್ಪೇನದ ಅದ್ರಾಗ" ಎಂದು ಹೇಳಿ ಅದನ್ನು, ಕಿತ್ತ ಕಾಯಿ ಸುಡಲು ಹೊತ್ತಿಸಿದ್ದ ಉರಿಗೆ ಎಸೆದಳು. ಕನಿಕರ ಬೇರೆ, ಕೆಲಸ ಬೇರೆ ಎಂಬುದನ್ನು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಬಲೆ ಕಟ್ಟಿದ ದಿನ ಆಕೆ ನಕ್ಕ ನಗು ಈಗಲೂ ಕಿವಿಯಲ್ಲಿದೆ. ಹಸಿರು ತಟ್ಟೆ, ಅದರ ಕೆಳಗೆ ಉದ್ದನೆಯ ಪ್ಲಾಸ್ಟಿಕ್ ಚೀಲ, ನಡುವೆ ಹೆಣ್ಣು ಚಿಟ್ಟೆಯ ವಾಸನೆ ಹಚ್ಚಿದ ಒಂದು ಚೂರು ರಬ್ಬರು. ಗಂಡು ಚಿಟ್ಟೆ ಆ ವಾಸನೆಗೆ ಬಂದು ಚೀಲಕ್ಕೆ ಬೀಳುತ್ತದೆ ಎಂದು ವಿವರಿಸಿದೆ. "ಎಂಗ್ಸೇ ಇಲ್ದೆ ಬರೀ ವಾಸ್ನೆ ಮಡಗಿ ಕರೀತೀರಲ್ಲ ಸಾ, ಮೋಸ ಅಲ್ವಾ ಇದು?" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆದರೆ ಮಳೆ ಶುರುವಾದ ಮೇಲೆ ದಿನಾ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಆ ಚೀಲವನ್ನೇ. ನಾನು ಹೋದಾಗ ಕೇಳುವ ಮೊದಲೇ, "ಬರಿದು ಸಾ" ಎನ್ನುತ್ತಿದ್ದಳು. ಮಾದಪ್ಪನೂ ಬಂದು ಬಂದು ನೋಡಿಕೊಂಡು ಹೋದ. ಅವನ ಹೊಲದಲ್ಲಿ ಆ ವರ್ಷ ಹೂವು ನೆಟ್ಟಗೆ ಅರಳಿದವು. ಮುಂದಿನ ಸುಗ್ಗಿಗೆ ಅವನೇ ತನ್ನ ಹೊಲದ ಒಂದು ಗಾಡಿ ಕಡ್ಡಿಯನ್ನು ತಂದು, "ನಿನ್ ಮಗಳ ನೀರ್ಗ ನಂದೂ ಇರ್ಲಿ ದೊಡ್ಡವ್ವ, ಕಾಯ್ ಮಾತ್ರ ನೀನೇ ಬುಡುಸ್ಕ" ಎಂದು ಇಳಿಸಿ ಹೋದ. ಮೆದೆ ಇನ್ನಷ್ಟು ಎತ್ತರವಾಯಿತು.

ನನ್ನ ಲೆಕ್ಕದಲ್ಲಿ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಹುಳ ಹೋಯಿತು, ಮೆದೆ ಉಳಿಯಿತು, ಊರು ಒಪ್ಪಿತು. ಆದರೆ ಆಕೆಯ ಮಾತಿನಲ್ಲಿ ಒಂದು ಸಣ್ಣ ಬದಲಾವಣೆ ನನಗೆ ಗೊತ್ತಾಗುತ್ತಾ ಬಂತು. ಮೊದಲು "ಬತ್ತಾಳ" ಎನ್ನುತ್ತಿದ್ದವಳು ಈಗ "ಬರ್ಬೋದು" ಎನ್ನುತ್ತಿದ್ದಳು. ಹೆರಿಗೆಯ ಮಾತಲ್ಲ, ಬರಿಯ ಬರುವ ಮಾತು. ಮಗಳು ಗೌರಿ ಹಬ್ಬಕ್ಕೆ ಬಂದಿರಲಿಲ್ಲ. ದೀಪಾವಳಿಗೂ ಬರಲಿಲ್ಲ. ಯುಗಾದಿಗೆ ಒಬ್ಬಟ್ಟಿನ ಬೇಳೆ ಬೇಯಿಸಿ ಕಾದು, ಕೊನೆಗೆ ನನಗೆ ಡಬ್ಬಿಗೆ ತುಂಬಿ ಕೊಟ್ಟಳು. "ರೇಸ್ಮೆ ಉಳ ಮೇಯ್ಸೋ ಮನೆ, ಕೆಲ್ಸ ಜಾಸ್ತಿ. ನಿಮ್ಗೂ ಉಳ, ಅವ್ಳ್ಗೂ ಉಳ" ಎಂದು ನಕ್ಕಳು. ಆ ನಗುವಿನಲ್ಲಿ ಜೀವವಿರಲಿಲ್ಲ. ನಾನು ಆ ಒಬ್ಬಟ್ಟನ್ನು ಕೊಳ್ಳೇಗಾಲದಲ್ಲಿ ಒಬ್ಬನೇ ಕೂತು ತಿಂದೆ. ಇನ್ನೊಬ್ಬರಿಗೆಂದು ಮಾಡಿದ್ದನ್ನು ತಿನ್ನುವ ಸಂಕಟ ಬೇಡ.

ಸ್ವಲ್ಪ ದಿನಕ್ಕೆ ಧನಗೆರೆಯಲ್ಲಿ ಒಂದು ತರಬೇತಿ ಇತ್ತು. ಮುಗಿದ ಮೇಲೆ ಕೇಳಿಕೊಂಡು ಆಕೆಯ ಮಗಳ ಮನೆಗೆ ಹೋದೆ. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಕೂತಿದ್ದವಳು ಎದ್ದು ಬಂದು ಕಲ್ಲನ್ನು ಸೆರಗಿನಿಂದ ಒರೆಸಿದಳು. ಯಾರ ಮಗಳು ಎಂದು ಕೇಳಬೇಕಾಗಿಯೇ ಇರಲಿಲ್ಲ. ಕಾಫಿ ಕೊಟ್ಟಳು. ಅವ್ವ ಎಂಗವ್ಳ ಎಂದಳು. ಚೆನ್ನಾಗಿದ್ದಾಳೆ, ನಿನ್ನ ದಾರಿ ನೋಡುತ್ತಿದ್ದಾಳೆ, ಒಂದು ಸಲ ಹೋಗಿ ಬರಬಾರದೇನಮ್ಮ ಎಂದೆ.

ಅವಳು ಬಾಗಿಲಿಗೆ ಒರಗಿ ನಿಂತು ಹೇಳಿದಳು. "ಓಗ್ಬೇಕು ಅಂತ ಬಸ್ಸತ್ತೀನಿ ಸಾ. ಹನೂರ್ಗಂಟ ಓಗಿ ತಿರುಕ್ಕಂಡೂ ಬಂದಿವ್ನಿ. ಊರಾಗ ಇಳುದ್ರ ಹಿತ್ಲಾಗ ಆ ಮೆದೆ ನಿಂತಿರ್ತದ. ಓದ್ ವರ್ಸಕ್ಕಿಂತ ಎತ್ರ ಆಗಿರ್ತದ. ಅವ್ವ ಒಂದ್ ಮಾತೂ ಅನ್ನಲ್ಲ. ಅಂದ್ರಾದ್ರೂ ಜಗಳ ಆಡ್ಬೋದಿತ್ತು. ಅದ್ರ ಮುಂದ ನಾನು ಬರೀ ಕೈಲಿ ನಿಂತ್ಕಬೇಕು."

ನಾನು ಕಾಫಿ ಲೋಟ ಕೆಳಗಿಟ್ಟೆ.

"ಡಾಕ್ಟ್ರು ಆಗಲ್ಲ ಅಂದ್ಬುಟ್ಟವ್ರ. ನಮ್ಮನೇಲಿ ಯಾರೂ ಏನೂ ಅನ್ನಲ್ಲ, ನಮ್ಮೋರು ಒಳ್ಳೇವ್ರು. ಅವ್ವಂಗ ಏಳಕ್ ಬಾಯ್ ಬರಲ್ಲ." ಸೊಪ್ಪಿನ ಹಸಿರು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಕಡ್ಡಿ ಸುಡಿ ಅಂತ ಏಳಕ್ ಬರೋರು ನೀವೇ ಅಲ್ವಾ ಸಾ? ಊರೋರ್ದೆಲ್ಲ ಸುಡ್ಸುದ್ರಿ, ನಮ್ಮವ್ವಂದ್ ಯಾಕ್ ಬುಟ್ರಿ? ಉಳ ಅದ ಅಂತ ಏಳಿ. ನಾನ್ ಏಳ್ದೆ ಅನ್ಬ್ಯಾಡಿ. ನಿಮ್ ಮಾತ್ ಕೇಳ್ತಾಳ."

ಅಂದಿನಿಂದ ಎರಡು ಮೂರು ದಿನ ನನ್ನ ತಲೆ ಸರಿಯಿರಲಿಲ್ಲ. ತಾಯಿ ಪ್ರೀತಿಯಿಂದ ಒಟ್ಟಿದ್ದೇ ಮಗಳ ದಾರಿಗೆ ಅಡ್ಡ ಬಿದ್ದಿದೆ, ಅದನ್ನು ಉಳಿಸಿಕೊಟ್ಟು ಬೆನ್ನು ತಟ್ಟಿಸಿಕೊಂಡವನು ನಾನು. ಕೊನೆಗೆ ಒಡೆಯರಪಾಳ್ಯದ ಕಡೆಯ ಒಂದು ಹೊಲದಲ್ಲಿ ಕಟ್ಟಿದ್ದ ಬಲೆಯಿಂದ ಒಂದಿಷ್ಟು ಸತ್ತ ಚಿಟ್ಟೆಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಶಾಗ್ಯಕ್ಕೆ ಹೋದೆ. ಆಕೆ ಮಜ್ಜಿಗೆ ತರಲು ಒಳಗೆ ಹೋದಾಗ ಅವನ್ನು ಬಲೆಯ ಚೀಲಕ್ಕೆ ಸುರಿದೆ. ಹೊರಗೆ ಬಂದವಳಿಗೆ, "ಅಕ್ಕ, ಹುಳ ಬಿದ್ದಿದೆ, ಮೆದೆ ಸುಡಬೇಕಾಗುತ್ತೆ" ಎಂದೆ. ನನ್ನ ದನಿ ನನಗೇ ಸರಿ ಕೇಳಿಸಲಿಲ್ಲ.

ಆಕೆ ಲೋಟ ನನ್ನ ಕೈಗಿತ್ತು, ಹೋಗಿ ಚೀಲದ ಗಂಟು ಬಿಚ್ಚಿ ಚಿಟ್ಟೆಗಳನ್ನು ಅಂಗೈಗೆ ಸುರಿದುಕೊಂಡಳು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಒಣಗಿ ಎಷ್ಟೋ ದಿನವಾಗಿದ್ದವು ಅವು, ಪುಡಿಪುಡಿಯಾದವು. ಹಿಂದಿನ ದಿನ ಮಳೆ ಬಂದು ಚೀಲದ ಹೊರಗೆಲ್ಲ ಇನ್ನೂ ತೇವವಿತ್ತು. ಆ ದಿನ ಬೆಳಿಗ್ಗೆಯೂ ಆಕೆ ಆ ಚೀಲವನ್ನು ನೋಡಿಯೇ ನೋಡಿದ್ದಳು. ಅಷ್ಟು ಬುದ್ಧಿ ನನಗೆ ಬೇಡವೇ?

ಅಂಗೈ ಕೊಡವಿಕೊಂಡಳು. "ಮೋಸ ನಿಮ್ ಬಲೆಗ ಬತ್ತದ ಸಾ. ನಿಮ್ಗ ಬರಲ್ಲ" ಎಂದಳು.

ನಾನು ಮಜ್ಜಿಗೆ ಲೋಟವನ್ನೇ ನೋಡುತ್ತಿದ್ದೆ.

"ದನಗೆರೆ ಕಡೆ ಓಗಿದ್ರಾ?"

ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಆಕೆ ಮೆದೆಯ ಹತ್ತಿರ ಹೋಗಿ ಅದರ ಮೈಮೇಲೆ ಕೈಯಿಟ್ಟು ನಿಂತಳು. ಗಾಳಿಗೆ ಮೇಲಿನ ತೆಂಗಿನ ಗರಿ ಸದ್ದು ಮಾಡಿತು. ಆಕೆ ನನ್ನನ್ನು ಇನ್ನೇನಾದರೂ ಕೇಳುತ್ತಾಳೆ, ಮಗಳು ಏನಂದಳು ಎನ್ನುತ್ತಾಳೆ ಎಂದು ಹೆದರಿದ್ದೆ. ಕೇಳಲಿಲ್ಲ. ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆ, ಆಕೆಗೂ ಅದು ಗೊತ್ತಿತ್ತು.

"ಆಯ್ತು ಬುಡಿ. ಉಳ ಬಿದ್ದದ. ಸುಟ್ಟಾಕ್ಬೇಕು" ಎಂದಳು.

ನಾನು ಕೈ ಹಚ್ಚಲು ಹೋದರೆ, "ನೀವ್ ಕುಂತ್ಕಳಿ ಸಾ, ಇದು ನಂದು" ಎಂದು ತಡೆದಳು. ಗರಿ ತೆಗೆದಳು. ಒಂದೊಂದೇ ಹೊರೆ ಇಳಿಸಿ, ಮನೆಯಿಂದ ದೂರಕ್ಕೆ ಕಣದ ನಡುವೆ ಒಯ್ದು ಹಾಕಿ ಬೆಂಕಿ ಕೊಟ್ಟಳು. ಆಕೆ ಹೇಳಿದ್ದು ನಿಜ, ಹತ್ತಿ ಕಡ್ಡಿಯ ಉರಿ ನೆಟ್ಟಗೆ ಏಳುತ್ತದೆ, ಹೊಗೆಯಿಲ್ಲ. ಸ್ವಲ್ಪ ಹೊತ್ತು ನೋಡುತ್ತಾ ನಿಂತವಳು ಒಳಗೆ ಹೋಗಿ, ಅಟ್ಟದ ಮೇಲಿಂದ ತಾಮ್ರದ ಹಂಡೆ ಇಳಿಸಿಕೊಂಡು ಬಂದಳು. ಹೊಳೆಯುವಂತೆ ಹುಣಸೆಹಣ್ಣು ಹಚ್ಚಿ ಉಜ್ಜಿ ಇಟ್ಟಿದ್ದ ಹಂಡೆ. ಮೂರು ಕಲ್ಲು ಹೂಡಿ ಹಂಡೆ ಇಟ್ಟು ನೀರು ತುಂಬಿ, ಉರಿಯನ್ನು ಅದರ ಕೆಳಗೆ ತಳ್ಳಿದಳು. "ಇಷ್ಟ್ ಬೆಂಕಿ ದಂಡ ಮಾಡ್ಬಾರ್ದು" ಎಂದಳು.

ನೀರು ಕೊತಕೊತ ಕುದಿಯಿತು. ಅದರ ಎದುರು ಕುಕ್ಕರುಗಾಲಿನಲ್ಲಿ ಕೂತು ಕಡ್ಡಿ ದೂಡುತ್ತಾ ಆಕೆ ಅತ್ತಳು. ಸದ್ದಿಲ್ಲ. ಕಣ್ಣಿನ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಕೈ ಕೆಲಸ ನಡೆಸುತ್ತಲೇ ಇತ್ತು. ಮೆದೆಯೆಲ್ಲ ಮುಗಿದ ಮೇಲೆ ಮುಖ ಒರೆಸಿಕೊಂಡು ಒಂದು ಬಕೆಟ್ಟಿಗೆ ಆ ನೀರು ತೋಡಿ, ತಣ್ಣೀರು ಬೆರೆಸಿ ನನ್ನ ಮುಂದೆ ಇಟ್ಟಳು. "ಮಸಿ ಆಗಿರ್ತದ. ಕೈಕಾಲ್ ಮೊಕ ತೊಳ್ಕಂಡ್ ಓಗಿ ಸಾ" ಎಂದಳು. ತೊಳೆದುಕೊಂಡೆ. ನನಗಾಗಿ ಯಾರಾದರೂ ನೀರು ಕಾಯಿಸಿ ಹದ ಮಾಡಿ ಇಟ್ಟು ಬಹಳ ಕಾಲವಾಗಿತ್ತು. ಅದೂ ಒಬ್ಬ ಬಾಣಂತಿಯ ನೀರು. ಉಳಿದದ್ದನ್ನು ಆರಿದ ಮೇಲೆ ಕರಿಬೇವಿನ ಗಿಡದ ಬುಡಕ್ಕೆ ಹೊಯ್ದಳು.

ಆ ಸಲ ಗೌರಿ ಹಬ್ಬಕ್ಕೆ ಮಗಳು ಬಂದಳು. ಆಮೇಲೆ ಬಿಡುವಾದಾಗಲೆಲ್ಲ ಬರುತ್ತಿದ್ದಳು. ಮೆದೆ ಎಲ್ಲಿ ಎಂದು ಮೊದಲ ಸಲ ಕೇಳಿದಾಗ ನಾನು ಅಲ್ಲೇ ಇದ್ದೆ. ಆಕೆ ನನ್ನ ಕಡೆ ಬೆರಳು ತೋರಿಸಿ, "ಉಳ ಬಿದ್ದಿತ್ತು ಕಣವ್ವ. ಈ ಉಳದ ಸಾರು ಸುಡುಸ್ಬುಟ್ರು. ಎಷ್ಟ್ ಬೇಡ್ಕಂಡ್ರೂ ಕೇಳ್ನಿಲ್ಲ" ಎಂದಳು. ತಾಯಿ ಮಗಳು ಇಬ್ಬರೂ ಸೇರಿ ನನ್ನನ್ನು ಬೈದರು. ಅಷ್ಟು ಸುಖವಾಗಿ ಯಾರಿಂದಲೂ ಬೈಸಿಕೊಂಡಿಲ್ಲ. ಆಕೆ ಮತ್ತೆ ಮೆದೆ ಒಟ್ಟಲಿಲ್ಲ. ಮೆದೆಯಿದ್ದ ಜಾಗದಲ್ಲಿ ಅವರೆ ಬಳ್ಳಿ ಹಬ್ಬಿಸಿದಳು. ನಾನು ನಿವೃತ್ತನಾದ ಮೇಲೂ ಮಾದಪ್ಪ ಕೊಳ್ಳೇಗಾಲದ ಸಂತೆಗೆ ಬಂದಾಗ ಅವರೆಕಾಯಿ ಕಳಿಸುತ್ತಿದ್ದಳು. ನಮ್ಮಿಬ್ಬರ ನಡುವೆ ಆ ದಿನದ ಮಾತು ಮಾತ್ರ ಮತ್ತೆ ಬರಲೇ ಇಲ್ಲ.

ಹೋದ ತಿಂಗಳು ನಾನು ಹೋದಾಗ ಆಕೆಯನ್ನು ಜಗಲಿಯ ಮೇಲೆ ಕೂರಿಸಿದ್ದರು. ಸ್ನಾನಕ್ಕೆ ನೀರು ಕಾಯಿಸಬೇಕಿತ್ತು. ಅದೇ ತಾಮ್ರದ ಹಂಡೆ. ಊರಿನ ಒಬ್ಬ ಮುದುಕಿ, "ಅತ್ತಿ ಕಡ್ಡಿ ನೀರು, ಅತ್ತಿ ಕಡ್ಡಿ ನೀರು ಅಂತಿದ್ಲು ಪಾಪ. ಒಂದ್ ಹಿಡಿ ತಂದು ಇಕ್ಕ್ರಪ್ಪ ಯಾರಾರ" ಎಂದಳು. ಮಾದಪ್ಪ ತಾನೇ ಹೊರಟು ಮನೆ ಮನೆ ತಿರುಗಿ ಬರಿಗೈಯಲ್ಲಿ ಬಂದ. ಶಾಗ್ಯದಲ್ಲಿ ಈಗ ಯಾರೂ ಕಡ್ಡಿ ಕೂಡಿಡುವುದಿಲ್ಲ. ಹೊಲದಿಂದಲೇ ಪುಡಿಯಾಗಿ ಮಣ್ಣು ಸೇರುತ್ತದೆ. ನಾನು ಊರೂರು ತಿರುಗಿ ಹೇಳಿದ್ದು ಅದನ್ನೇ ತಾನೆ. ತಲೆ ತಗ್ಗಿಸಿಕೊಂಡು ನಿಂತಿದ್ದೆ. ಕೊನೆಗೆ ತೆಂಗಿನ ಗರಿ ಹಾಕಿ ನೀರು ಕಾಯಿಸಿದರು. ಬಹಳ ಹೊಗೆಯಾಯಿತು.

ಎಲ್ಲ ಮುಗಿದ ಮೇಲೆ ಮಗಳು ನನ್ನ ಹತ್ತಿರ ಬಂದು ಕೂತಳು. ಅತ್ತು ಅತ್ತು ದನಿ ಹೋಗಿತ್ತು. ಹಿತ್ತಿಲಿನ ಅವರೆ ಬಳ್ಳಿಯ ಕಡೆ ನೋಡುತ್ತಾ, "ಅವತ್ತು ನೀವು ಉಳ ಅದ ಅಂತ ಏಳಿದ್ದು ಒಳ್ಳೇದಾಯ್ತು ಸಾ" ಎಂದಳು. "ನಾನ್ ಏಳ್ಸಿದ್ದು ಅಂತ ಅವ್ವಂಗ ಕಡೇಗಂಟ ಗೊತ್ತಾಗ್ನಿಲ್ಲ. ಗೊತ್ತಾಗಿದ್ರ ಎಷ್ಟ್ ನೊಂದ್ಕತಿದ್ಲೋ."

"ಇಲ್ಲಮ್ಮ, ಗೊತ್ತಾಗಲಿಲ್ಲ" ಎಂದೆ.

ಈ ಸಲ ನನ್ನ ದನಿ ಸರಿಯಾಗಿಯೇ ಬಂತು. ಅವಳು ಸಮಾಧಾನವಾಗಿ ತಲೆಯಾಡಿಸಿ ಒಳಗೆ ಹೋದಳು.

ಸಂಜೆಯ ಬಸ್ಸಿಗೆ ಕೊಳ್ಳೇಗಾಲಕ್ಕೆ ಬಂದೆ. ಸಾವಿನ ಮನೆಯಿಂದ ಬಂದವನು ಮೀಯದೆ ಒಳಗೆ ಹೋಗುವ ಹಾಗಿಲ್ಲ. ನೀರು ಕಾಯಿಸಿಡುವವರು ಯಾರೂ ಇಲ್ಲದ್ದರಿಂದ ನಾನೇ ಒಳಗೆ ಹೋಗಿ ಗ್ಯಾಸಿನ ಮೇಲೆ ಪಾತ್ರೆ ಇಟ್ಟು ಪಕ್ಕದಲ್ಲಿ ಕೂತೆ. ನೀರು ಸಣ್ಣಗೆ ಸದ್ದು ಮಾಡತೊಡಗಿತು. ಯಾರಿಗಾದರೂ ಹೇಳದಿದ್ದರೆ ಆಗುವುದಿಲ್ಲ ಎನಿಸಿತು.

"ಆಕೆಗೆ ಗೊತ್ತಿತ್ತು" ಎಂದು ಪಾತ್ರೆಗೆ ಹೇಳಿದೆ.